ಪಿಯುಸಿ ಮುಗಿಸಿ ಪರಿಸರ ವಿಜ್ಞಾನ ಓದಲು ಜರ್ಮನಿಗೆ ಹೋಗಬೇಕೆಂದರೆ ಕಲಬುರಗಿಯಲ್ಲಿ ಕೂತು ಏನೇನು ತಯಾರಿ ಮಾಡಬೇಕು?

ನೀವು ಚಿತ್ತಾಪುರದ ಕಡೆಯವರು, ಸೆಕೆಂಡ್ ಪಿಯುಸಿಯಲ್ಲಿ ಪಿಸಿಎಂಬಿ. ಜರ್ಮನಿಯಲ್ಲಿ ಫೀಸ್ ಇಲ್ಲ ಅಂತ ಕೇಳಿ ಅಲ್ಲೇ ಬಿ.ಎಸ್ಸಿ ಮಾಡಬೇಕೆಂದಿದ್ದೀರಿ. ಮನೆಯ ಎಂಟು ಎಕರೆ ತೊಗರಿ ಹೊಲದ ಮೇಲೆ ಸಾಲ ಸಿಗುತ್ತದೆಯೇ ಅಂತಲೂ ಕೇಳಿದ್ದೀರಿ. ಹೊಲದ ಮಾತನ್ನೇ ಮೊದಲು ಹೇಳುತ್ತೇನೆ. ನಮ್ಮ ಭಾಗದ ಹೆಚ್ಚಿನ ಮಕ್ಕಳ ಕೆಲಸ ನಿಲ್ಲುವುದು ಅಲ್ಲೇ.

ಹೊಲದ ಪಹಣಿ ಇಟ್ಟುಕೊಂಡು ಶಿಕ್ಷಣ ಸಾಲ ಕೊಡಲು ಬ್ಯಾಂಕ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಕೆಟ್ಟರೆ ಕೃಷಿ ಜಮೀನನ್ನು ಸರ್ಫೇಸಿ ಕಾಯ್ದೆಯಡಿ (ಬ್ಯಾಂಕ್ ಕೋರ್ಟಿಗೆ ಹೋಗದೆ ಅಡಮಾನ ವಸೂಲಿ ಮಾಡುವ ಕಾಯ್ದೆ) ಹರಾಜು ಹಾಕಲು ಬರುವುದಿಲ್ಲ, ಕಾರಣ ಇಷ್ಟೇ. ಸರ್ಕಾರಿ ಬ್ಯಾಂಕ್‌ಗಳಲ್ಲಿ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಆಗ ಕೆಲಸಕ್ಕೆ ಬರುವುದು ಎನ್‌ಎ (ಕೃಷಿಯೇತರ) ಆದ ಪ್ಲಾಟು, ಮನೆ, ಎಫ್‌ಡಿ ಇಂಥವು. ಹಳ್ಳಿಯ ಮನೆಯಾದರೆ ಇ-ಸ್ವತ್ತು ಆಗಿದೆಯೇ ನೋಡಿ. ಮನೆ ಇನ್ನೂ ಮುತ್ಯಾನ ಹೆಸರಲ್ಲೇ ಇದ್ದರೆ ಮೊದಲು ನಿಮ್ಮ ಅಪ್ಪನ ಹೆಸರಿಗೆ ಆಗಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅದಕ್ಕೇ ಈಗಲೇ ಶುರು ಮಾಡಿ. ಇನ್ನೊಂದು ಮಾತು: ಅಪ್ಪನ ಬೆಳೆ ಸಾಲ ಸುಸ್ತಿಯಾಗಿದ್ದರೆ ಸಿಬಿಲ್ ಸ್ಕೋರ್ ಬಿದ್ದಿರುತ್ತದೆ. ಮನ್ನಾ ಆದೀತು ಅಂತ ಕಾಯುತ್ತ ಬಿಟ್ಟ ಸಾಲ, ಮಗನ ಅಥವಾ ಮಗಳ ಅರ್ಜಿಗೆ ಅಡ್ಡ ಬರುತ್ತದೆ. ಐಟಿ ರಿಟರ್ನ್ ಇಲ್ಲದವರು ತೊಗರಿ ಮಾರಿದ ಎಪಿಎಂಸಿ ಚೀಟಿಗಳನ್ನು ಮತ್ತು ಆ ಹಣ ಜಮೆಯಾದ ಪಾಸ್‌ಬುಕ್ಕನ್ನು ಜೋಪಾನ ಮಾಡಿ.

ಫೀಸ್ ಇಲ್ಲ ಎನ್ನುವುದು ಬಹುಪಾಲು ನಿಜ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ಕೆಲವು ಕಡೆ ಮಾತ್ರ ಇದೆ: ಉದಾಹರಣೆಗೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ಆದರೆ ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಈ ಮೊತ್ತ ಆಗಾಗ ಏರುತ್ತದೆ, ಅರ್ಜಿ ಹಾಕುವ ವರ್ಷ ಮತ್ತೆ ನೋಡಿಕೊಳ್ಳಿ. ಬ್ಯಾಂಕ್ ಮ್ಯಾನೇಜರ್‌ಗೆ ಮೊದಲೇ ಹೇಳಬೇಕಾದ್ದು ಇದು: ಹಣ ಕಾಲೇಜಿಗಲ್ಲ, ವೀಸಾ ಬರುವ ಮುಂಚೆ ಬ್ಲಾಕ್ಡ್ ಅಕೌಂಟಿಗೆ ಹೋಗಬೇಕು. ಸ್ಯಾಂಕ್ಷನ್ ಪತ್ರದಲ್ಲಿ ಅದು ಬರೆದಿರಲಿ. ಇಲ್ಲದಿದ್ದರೆ 'ವೀಸಾ ತಂದು ತೋರಿಸಿ, ಹಣ ಬಿಡುತ್ತೇವೆ' ಅಂತ ಕೂರುತ್ತಾರೆ.

ಇನ್ನು ಅರ್ಹತೆ. ಬರೀ ಪಿಯುಸಿ ಅಂಕಪಟ್ಟಿಯ ಮೇಲೆ ಜರ್ಮನಿಯಲ್ಲಿ ನೇರ ಪ್ರವೇಶ ಸಿಗುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಅಥವಾ ಇಲ್ಲಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಅದೇ ಬಗೆಯ ವಿಷಯದ ಪದವಿಯ ಮೊದಲ ವರ್ಷ ಪಾಸಾಗಿರಬೇಕು. ಇಲ್ಲಿ ದಿನಾಂಕದ ತೊಡಕು ಬರುತ್ತದೆ. ಚಳಿಗಾಲದ ಸೆಮಿಸ್ಟರ್‌ಗೆ ಹೆಚ್ಚಿನ ಕಡೆ ಜುಲೈ 15 ಕೊನೆಯ ದಿನ. ನಿಮ್ಮ ಎರಡನೇ ಸೆಮಿಸ್ಟರ್‌ನ ಅಂಕಪಟ್ಟಿ ಅಷ್ಟರಲ್ಲಿ ಕೈಗೆ ಬರುವುದು ಕಷ್ಟ. ಅದರ ಮೇಲೆ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿಗಳು ಸರಿಯಿವೆ ಎಂದು ಜರ್ಮನಿಯ ಕಡೆಯವರು ಪರಿಶೀಲಿಸಿ ಕೊಡುವ ಪತ್ರ, ಬೇಕು (2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯ, ಶುಲ್ಕ 18,000 ರೂಪಾಯಿ). ಹಾಗಾಗಿ ಒಂದು ವರ್ಷ ಅಂದುಕೊಂಡದ್ದು ಎರಡಾಗುತ್ತದೆ. ಆ ಸಮಯದಲ್ಲಿ ಇಲ್ಲಿನ ಕಾಲೇಜು ಬಿಡಬೇಡಿ, ಎರಡನೇ ವರ್ಷ ಓದುತ್ತಲೇ ಇರಿ.

ಭಾಷೆಯನ್ನು ಹಗುರ ಮಾಡಬೇಡಿ. ಅಲ್ಲಿನ ಬ್ಯಾಚುಲರ್ ಕೋರ್ಸ್‌ಗಳಲ್ಲಿ ಹೆಚ್ಚಿನವು ಜರ್ಮನ್‌ನಲ್ಲೇ ನಡೆಯುತ್ತವೆ, ಸಿ1 ಮಟ್ಟದ ಭಾಷೆ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿರುವವು ಕಡಿಮೆ. ರೈನ್-ವಾಲ್ ವಿಶ್ವವಿದ್ಯಾಲಯದ ಕಾಂಪ್-ಲಿಂಟ್‌ಫೋರ್ಟ್ ಕ್ಯಾಂಪಸ್ಸಿನ 'ಎನ್ವಿರಾನ್ಮೆಂಟ್ ಅಂಡ್ ಎನರ್ಜಿ' ಅಂಥದ್ದೊಂದು. ನೆದರ್ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಪರಿಸರ ವಿಜ್ಞಾನದ ಬಿ.ಎಸ್ಸಿ ಇಂಗ್ಲಿಷ್‌ನಲ್ಲೇ ಇದೆ, ಆದರೆ ಅಲ್ಲಿ ಫೀಸ್ ಭಾರಿ. ಕೋರ್ಸಿನ ಹೆಸರು ನೋಡಿ ಮರುಳಾಗದೆ ಪಠ್ಯವಿಷಯಗಳ ಪಟ್ಟಿ ತೆರೆದು ನೋಡಿ. ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮಣ್ಣು, ಜಿಐಎಸ್ (ಕಂಪ್ಯೂಟರ್ ನಕ್ಷೆಯ ಕೆಲಸ) ಇದ್ದರೆ ಅದು ವಿಜ್ಞಾನದ ಕೋರ್ಸ್. ಬರೀ ನೀತಿ, ಕಾನೂನು, ಆಡಳಿತ ಇದ್ದರೆ ಬೇರೆಯದೇ ಓದು.

ಹೆಸರಿನ ವಿಷಯ ಸಣ್ಣದೆಂದು ಬಿಡಬೇಡಿ. ಅಂಕಪಟ್ಟಿಯಲ್ಲಿ 'ಶಿವಕುಮಾರ ಎಂ', ಆಧಾರ್‌ನಲ್ಲಿ 'ಶಿವಕುಮಾರ ಮಲ್ಲಿಕಾರ್ಜುನ', ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ: ನಮ್ಮ ಕಡೆ ಇದು ಮನೆಮನೆಯ ಕಥೆ. ಆನ್‌ಲೈನ್ ಫಾರ್ಮ್‌ಗಳು ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ, ನೀವು ಒಂದೊಂದರಲ್ಲಿ ಒಂದೊಂದು ತುಂಬುತ್ತೀರಿ, ಕೊನೆಗೆ ಯಾವುದಕ್ಕೆ ಯಾವುದೂ ತಾಳೆಯಾಗುವುದಿಲ್ಲ. ಮೊದಲು ಪಾಸ್‌ಪೋರ್ಟನ್ನು ಸರ್‌ನೇಮ್ ಸಮೇತ ಸರಿಮಾಡಿಸಿ. ಐಇಎಲ್‌ಟಿಎಸ್, ಎಪಿಎಸ್, ಬ್ಲಾಕ್ಡ್ ಅಕೌಂಟ್ ಎಲ್ಲವೂ ಅದೇ ಅಕ್ಷರಗಳಲ್ಲಿ ಆಮೇಲೆ. ಅಂಕಪಟ್ಟಿಯ ಇನಿಷಿಯಲ್‌ಗೆ ನೋಟರಿ ಅಫಿಡವಿಟ್ ಇಟ್ಟುಕೊಳ್ಳಿ. ಹೈದರಾಬಾದ್ ನಮಗೆ ಹತ್ತಿರವಾದರೂ ಕರ್ನಾಟಕದ ವಿಳಾಸದವರ ಜರ್ಮನ್ ವೀಸಾ ಬೆಂಗಳೂರಿನ ವ್ಯಾಪ್ತಿಗೆ ಬರುತ್ತದೆ.

ಈ ಕೋರ್ಸ್ ಯಾಕೆ ಬೇಕು ಎಂದು ಅರ್ಜಿಯ ಜೊತೆ ಬರೆಯುವ ಮೋಟಿವೇಶನ್ ಪತ್ರದಲ್ಲಿ 'ಭೂಮಿಯನ್ನು ಉಳಿಸಬೇಕು' ಎಂದು ಬರೆಯಬೇಡಿ. ನಿಮ್ಮ ತಾಲೂಕಿನಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಪಕ್ಕದಲ್ಲೇ ಶಹಾಬಾದ್ ಕಲ್ಲಿನ ಪಾಲಿಶ್ ಘಟಕಗಳಿವೆ. ಕಲ್ಲು ಕೊಯ್ದ ನೀರಿನ ಬೂದು ಕೆಸರು ಒಣಗಿ ಪುಡಿಯಾಗಿ ಗಾಳಿಗೆ ಏಳುತ್ತದೆ. ಅದರ ಹತ್ತಿರದ ಬಾವಿಯೊಂದು, ದೂರದ್ದೊಂದು ಆರಿಸಿ, ಮೂರು ತಿಂಗಳು ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಪಿಎಚ್ ಮತ್ತು ಟಿಡಿಎಸ್ ಅಳೆದು ಬರೆಯಿರಿ. ಟಿಡಿಎಸ್ ಮೀಟರ್ ಒಟ್ಟು ಲವಣಾಂಶದ ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಹೇಳುವುದಿಲ್ಲ. ಅದನ್ನೂ ಬರೆಯಿರಿ, ಓದುವವರು ಗಮನಿಸುವುದು ಅಂಥ ಮಾತನ್ನೇ.

ನನ್ನ ಅಭಿಪ್ರಾಯ ಕೇಳಿದರೆ, ಅಡಮಾನಕ್ಕೆ ಮನೆ ಅಥವಾ ಪ್ಲಾಟು ಇಲ್ಲದಿದ್ದರೆ ಬಿ.ಎಸ್ಸಿ ಇಲ್ಲೇ ಮುಗಿಸಿ ಎಂ.ಎಸ್ಸಿಗೆ ಹೋಗಿ. ಇಂಗ್ಲಿಷ್‌ನಲ್ಲಿ ನಡೆಯುವ ಎಂ.ಎಸ್ಸಿ ಕೋರ್ಸ್‌ಗಳು ಜರ್ಮನಿಯಲ್ಲಿ ಬೇಕಾದಷ್ಟಿವೆ, ಎರಡೇ ವರ್ಷದ ಖರ್ಚು. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಾದರೆ ಲೆಕ್ಕ ಬೇರೆ: ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಸ್ನಾತಕೋತ್ತರ ಮತ್ತು ಅದರ ಮೇಲಿನ ಓದಿಗೆ ಮಾತ್ರ, ಆದರೆ ರಾಜ್ಯದ 'ಪ್ರಬುದ್ಧ' ಯೋಜನೆಯಲ್ಲಿ ಪದವಿಗೂ ಅವಕಾಶ ಇದೆಯೇ ವಿಚಾರಿಸಿ. ಅದಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ, ಅಲ್ಲಿಯೂ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ.