ಗರ್ಭ ಇಳಿದ ಮೇಲೆ ಎಷ್ಟು ದಿನ ಕಾಯಬಹುದು?

ಪ್ರಶ್ನೆ: ಮಾನ್ಯ ಡಾಕ್ಟರ್ ಅವರಿಗೆ ನಮಸ್ಕಾರಗಳು. ನನಗೆ 26 ವರ್ಷ. ನಾವಿರುವುದು ಮೂಡಿಗೆರೆ ತಾಲ್ಲೂಕಿನ ಒಳಗಿನ ಒಂದು ಹಳ್ಳಿಯಲ್ಲಿ. ನಮ್ಮ ಯಜಮಾನರು ಕಾಫಿ ತೋಟದಲ್ಲಿ ರೈಟರ್ ಆಗಿದ್ದಾರೆ. ಎಂಟನೇ ವಾರದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದೊಳಗೆ ಚೀಲ ಕಾಣುತ್ತಿದೆ, ಆದರೆ ಎದೆಬಡಿತ ಇಲ್ಲ, ಹತ್ತು ದಿನ ಬಿಟ್ಟು ಬನ್ನಿ ಎಂದಿದ್ದರು. ಅಷ್ಟರೊಳಗೆ ಮೊನ್ನೆ ರಾತ್ರಿ ಹೊಟ್ಟೆನೋವು ಬಂದು, ರಕ್ತಸ್ರಾವ ಶುರುವಾಗಿ, ಬೆಳಗಿನ ಜಾವ ಮಾಂಸದಂಥ ಮುದ್ದೆಯೊಂದು ಹೋಯಿತು. ಈಗ ನೋವು ಕಡಿಮೆಯಾಗಿದೆ; ದಿನಕ್ಕೆ ನಾಲ್ಕೈದು ಪ್ಯಾಡ್ ಬೇಕಾಗುತ್ತಿದೆ. ಹೋಗಬೇಕಾದ್ದು ಹೋಯಿತಲ್ಲ, ಇನ್ನು ಆಸ್ಪತ್ರೆ ಯಾಕೆ ಎಂದು ಅತ್ತೆಯವರು ಕಷಾಯ ಮಾಡಿ ಕೊಡುತ್ತಿದ್ದಾರೆ. ಕ್ಲೀನ್ ಮಾಡಿಸದಿದ್ದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಮಳೆ ಒಂದೇ ಸಮನೆ ಹೊಯ್ಯುತ್ತಿರುವುದರಿಂದ ಸ್ವಲ್ಪ ಬಿಡುವು ಕೊಟ್ಟ ಮೇಲೆ ಹೋಗೋಣ ಎನ್ನುತ್ತಾರೆ ಯಜಮಾನರು. ನನ್ನ ರಕ್ತದ ಗುಂಪು ಓ ನೆಗೆಟಿವ್. ಎಷ್ಟು ದಿನ ಕಾಯಬಹುದು? ಹಿಂದಿನ ವಾರ ನೀರಿನ ಕೊಡ ಎತ್ತಿದ್ದರಿಂದ ಹೀಗಾಯಿತೇ?
— ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರ ವಾಟ್ಸಾಪಿನಲ್ಲಿ ಬಂದ ದಿನವೇ ಕರೆ ಮಾಡಿ, ಇಂದೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ ಎಂದು ಹೇಳಿದ್ದೆ. ಅಚ್ಚಾಗಿ ಬರುವ ಉತ್ತರಕ್ಕಾಗಿ ಕಾಯಬಹುದಾದ ವಿಷಯ ಅದಾಗಿರಲಿಲ್ಲ. ಇಲ್ಲಿ ಬರೆಯುತ್ತಿರುವುದು ನಿಮ್ಮಂತೆಯೇ ಮನೆಯಲ್ಲಿ ಕೂತು ಹೋಗುವುದೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಇತರರಿಗಾಗಿಯೂ ಹೌದು.

ನಿಮ್ಮನ್ನು ಅವಸರಪಡಿಸಿದ್ದು ರಕ್ತಸ್ರಾವವಲ್ಲ, ನಿಮ್ಮ ರಕ್ತದ ಗುಂಪು. ತಾಯಿಯ ಗುಂಪು ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಗರ್ಭ ಇಳಿಯುವಾಗ ಮಗುವಿನ ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರಿ, ಅವುಗಳ ವಿರುದ್ಧ ತಾಯಿಯ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದು. ಅದರ ಪೆಟ್ಟು ಬೀಳುವುದು ಈಗಲ್ಲ, ಮುಂದಿನ ಬಸಿರಿನ ಮಗುವಿಗೆ. ಇದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು 72 ಗಂಟೆಯೊಳಗೆ ಕೊಡುವುದು ರೂಢಿ. ಹನ್ನೆರಡು ವಾರಕ್ಕೆ ಮೊದಲೇ ಗರ್ಭ ತಾನಾಗಿ ಇಳಿದಾಗ ಇದು ಬೇಕೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ನಾನು ಕೊಡುವ ಪಕ್ಷದವಳು. ಯಜಮಾನರ ಗುಂಪೂ ನೆಗೆಟಿವ್ ಎಂದಾದರೆ ಇದರ ಅಗತ್ಯವೇ ಬೀಳುವುದಿಲ್ಲವಾದ್ದರಿಂದ ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿ. ಮೂರು ದಿನ ದಾಟಿದವರು ಇನ್ನೇನು ಪ್ರಯೋಜನ ಎಂದು ಕೈಬಿಡಬಾರದು. ತಡವಾದರೂ ಹೋಗಿ ಕೇಳಬೇಕು.

ಇನ್ನು ರಕ್ತಸ್ರಾವದ ಮಾತು. ಮುದ್ದೆ ಹೋದ ಮೇಲೆ ಒಂದೆರಡು ವಾರ ರಕ್ತ ಕಾಣಿಸುವುದು, ನಡುವೆ ಒಂದು ದಿನ ಕಡಿಮೆಯಾಗಿ ಮರುದಿನ ಸ್ವಲ್ಪ ಹೆಚ್ಚುವುದು, ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಂಡುವುದು ಸಹಜ. ಆದ್ದರಿಂದ ದಿನ ಎಣಿಸುವುದಕ್ಕಿಂತ ಪ್ಯಾಡ್ ಎಣಿಸುವುದು ಒಳ್ಳೆಯದು. ದೊಡ್ಡ ಪ್ಯಾಡುಗಳು ಗಂಟೆಗೆ ಎರಡರಂತೆ ಪೂರ್ತಿ ತೊಯ್ದು, ಸತತ ಎರಡು ಗಂಟೆ ಹಾಗೆಯೇ ಮುಂದುವರಿದರೆ ಅದು ತುರ್ತು ಎಂದು ವೈದ್ಯರು ಹೇಳುತ್ತಾರೆ. ಬಟ್ಟೆ ಬಳಸುವವರಿಗೆ ಈ ಲೆಕ್ಕ ಸಿಗುವುದಿಲ್ಲ. ಈ ಕೆಲವು ದಿನಗಳ ಮಟ್ಟಿಗಾದರೂ ಪ್ಯಾಡ್ ಬಳಸಿ. ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪುಗಳು ಮತ್ತೆ ಮತ್ತೆ ಹೋಗುವುದು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಮಲಗಿದ್ದಾಗಲೂ ಎದೆ ಡವಡವ ಹೊಡೆದುಕೊಳ್ಳುವುದು, ಕೈಕಾಲು ತಣ್ಣಗಾಗಿ ಬೆವರುವುದು ಕೂಡ ಅಷ್ಟೇ ತುರ್ತು.

ಆದರೆ ಈ ಎರಡು ಗಂಟೆಯ ಲೆಕ್ಕ ಆಸ್ಪತ್ರೆ ಹತ್ತಿರವಿರುವವರದು. ಹಾಸನ ಪೇಟೆಯೊಳಗೇ ಇರುವವರು ಎರಡು ಗಂಟೆ ನೋಡಿ ಹೊರಡಬಹುದು. ನಿಮಗೆ ತೋಟದ ಕಚ್ಚಾ ರಸ್ತೆ ದಾಟಿ ಮೂಡಿಗೆರೆಗೆ ಬರುವುದೇ ಒಂದು ಪ್ರಯಾಣ; ರಕ್ತ ಕೊಡಬೇಕಾದ ಸ್ಥಿತಿ ಬಂದರೆ ಅಲ್ಲಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಮತ್ತೆ ಮೂವತ್ತು ಕಿಲೋಮೀಟರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿದ್ದನ್ನು ನಿಮ್ಮ ಕಡೆಯವರು ಮರೆತಿರಲಾರರು. ಹೀಗಾಗಿ ಮಲೆನಾಡಿನವರು ಪ್ರಯಾಣಕ್ಕೆ ಹಿಡಿಯುವ ಸಮಯವನ್ನೂ ರಕ್ತಸ್ರಾವದ ಲೆಕ್ಕಕ್ಕೇ ಸೇರಿಸಬೇಕು: ಒಂದು ಗಂಟೆಯಲ್ಲಿ ಎರಡು ಪ್ಯಾಡ್ ತೊಯ್ದರೆ ಎರಡನೆಯ ಗಂಟೆಗೆ ಕಾಯದೆ ಗಾಡಿ ಹತ್ತುವುದು, ಸಂಜೆ ಅನುಮಾನ ಬಂದರೆ ಬೆಳಗಾಗಲಿ ಎನ್ನದೆ ಬೆಳಕಿರುವಾಗಲೇ ಪೇಟೆ ಸೇರುವುದು. ಮಳೆ ನಿಲ್ಲಲಿ ಎನ್ನುವ ನಿಮ್ಮ ಯಜಮಾನರ ಮಾತನ್ನು ನಾನು ತಿರುಗಿಸಿ ಹೇಳುತ್ತೇನೆ, ಮಳೆ ಇರುವುದರಿಂದಲೇ ಬೇಗ ಹೊರಡಬೇಕು. 108ಕ್ಕೆ ಕರೆ ಮಾಡಬಹುದು. ಆದರೆ ಎಷ್ಟೋ ತೋಟಗಳಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗುವುದಿಲ್ಲವಾದ್ದರಿಂದ, ರಾತ್ರಿ ಯಾರ ಜೀಪು ಸಿಗುತ್ತದೆ ಎಂಬುದನ್ನು ಹಗಲಿನಲ್ಲೇ ಮಾತಾಡಿಟ್ಟುಕೊಳ್ಳಿ.

ಇದರೊಂದಿಗೆ ನಿಮ್ಮ ಹಿಮೋಗ್ಲೋಬಿನ್ ಎಷ್ಟಿತ್ತು ಎಂಬುದನ್ನೂ ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. 12 ಇರುವವರು ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನು 8 ಇರುವವರು ತಾಳಿಕೊಳ್ಳಲಾರರು. ಅಂಥವರಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ, ಸಾಧಾರಣ ಮುಟ್ಟಿಗಿಂತ ಹೆಚ್ಚು ಹೋಗುತ್ತಿದೆ ಎನಿಸಿದ ಕೂಡಲೇ ತೋರಿಸಬೇಕು.

ರಕ್ತ ಕಡಿಮೆಯಾದ ಮೇಲೂ ಒಂದು ಅಪಾಯ ಉಳಿದಿರುತ್ತದೆ, ಅದು ಸೋಂಕು. ಗರ್ಭದ ಚೂರು ಒಳಗೇ ಉಳಿದು ಕೆಟ್ಟರೆ ಜ್ವರ, ಚಳಿ ನಡುಕ, ವಾಸನೆಯ ಸ್ರಾವ, ಕಿಬ್ಬೊಟ್ಟೆ ಮುಟ್ಟಿದರೆ ನೋವು ಕಾಣಿಸಿಕೊಳ್ಳುತ್ತವೆ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಮಳೆಗಾಲದ ಜ್ವರವಿರಬೇಕು ಎಂದು ಮಾತ್ರೆ ನುಂಗಿ ಮಲಗಬೇಡಿ, ಅಂದೇ ಆಸ್ಪತ್ರೆಗೆ ಹೋಗಿ ಗರ್ಭ ಇಳಿದ ಸಂಗತಿಯನ್ನು ಮೊದಲು ಹೇಳಿ. ಸಂಕೋಚದಿಂದ ಇದೊಂದನ್ನು ಮುಚ್ಚಿಟ್ಟು ಬರೀ ಜ್ವರ ಎಂದು ಹೇಳುವವರನ್ನು ನಾನು ನೋಡಿದ್ದೇನೆ. ಅತ್ತೆಯವರ ಶುಂಠಿ, ಮೆಣಸಿನ ಕಷಾಯವನ್ನು ಕುಡಿಯಲು ಅಡ್ಡಿಯಿಲ್ಲ. ಒಳಗೆ ಇಡುವ ಯಾವ ನಾಟಿ ಮದ್ದೂ ಬೇಡ, ಕೇಳದೆ ಮೆಡಿಕಲ್ ಶಾಪಿನಿಂದ ತಂದ ಗರ್ಭ ಇಳಿಸುವ ಮಾತ್ರೆಯೂ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ತೆಗೆದುಕೊಳ್ಳಬಾರದು. ರಕ್ತ ನಿಲ್ಲುವವರೆಗೆ ದಂಪತಿಗಳು ದೂರವಿರುವುದು ಒಳ್ಳೆಯದು.

ನಿಮ್ಮ ಸ್ಕ್ಯಾನಿಂಗಿನಲ್ಲಿ ಚೀಲ ಗರ್ಭಕೋಶದೊಳಗೇ ಕಂಡಿದ್ದರಿಂದ ಒಂದು ದೊಡ್ಡ ಭಯ ಹೆಚ್ಚುಕಡಿಮೆ ದೂರವಾಗಿದೆ. ಸ್ಕ್ಯಾನಿಂಗನ್ನೇ ಮಾಡಿಸದೆ, ಮನೆಯ ಕಿಟ್ಟಿನಲ್ಲಿ ಎರಡು ಗೆರೆ ನೋಡಿ, ಆಮೇಲೆ ರಕ್ತ ಕಂಡವರು ಗರ್ಭ ಇಳಿಯಿತು ಎಂದು ತಾವೇ ತೀರ್ಮಾನಿಸಬಾರದು. ಗರ್ಭವು ಗರ್ಭಕೋಶದೊಳಗಲ್ಲದೆ ಅಂಡನಾಳದಲ್ಲಿ ನಿಂತಿದ್ದರೂ ಹೀಗೆಯೇ ರಕ್ತ ಕಾಣಿಸುತ್ತದೆ. ಹೊರಗೆ ಹೋಗುವುದು ಕೆಲವೇ ಹನಿಯಾದರೂ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಬಹುದು. ಒಂದೇ ಪಕ್ಕದ ತೀವ್ರ ನೋವು, ಹೆಗಲ ತುದಿಯ ನೋವು, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಒಂದಿದ್ದರೂ ಪ್ಯಾಡ್ ಎಣಿಸುತ್ತ ಕೂರಬಾರದು.

ಕ್ಲೀನ್ ಮಾಡಿಸುವುದು ಎಲ್ಲರಿಗೂ ಬೇಕಿಲ್ಲ. ಎಲ್ಲವೂ ತಾನಾಗಿ ಹೊರಬಿದ್ದಿದ್ದರೆ ಏನೂ ಮಾಡಬೇಕಾಗುವುದಿಲ್ಲ. ಸ್ವಲ್ಪ ಉಳಿದಿದ್ದರೆ ಕಾಯುವುದು, ವೈದ್ಯರೇ ಕೊಡುವ ಮಾತ್ರೆ, ಅಥವಾ ಹೀರಿ ತೆಗೆಯುವ ಸಣ್ಣ ಚಿಕಿತ್ಸೆ, ಈ ಮೂರು ದಾರಿಗಳಿವೆ. ಆಸ್ಪತ್ರೆ ದೂರವಿರುವವರಿಗೆ ನಾನು ಸಾಮಾನ್ಯವಾಗಿ ಮೂರನೆಯದನ್ನು ಸೂಚಿಸುತ್ತೇನೆ, ಏಕೆಂದರೆ ಅದು ಒಂದೇ ದಿನದಲ್ಲಿ ಮುಗಿಯುತ್ತದೆ. ಮಾಡಿಸದಿದ್ದರೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು.

ಕೊಡ ಎತ್ತಿದ್ದರಿಂದ ಇದು ಆಗಿಲ್ಲ. ಮೊದಲ ಮೂರು ತಿಂಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ, ಗರ್ಭ ಕಟ್ಟುವಾಗಲೇ ವರ್ಣತಂತುಗಳಲ್ಲಿ ಆಗಿರುವ ಏರುಪೇರು. ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಪ್ರಶ್ನೆ: ನನಗೆ 31 ವರ್ಷ, ಶಿಕ್ಷಕಿ. ಒಂಬತ್ತನೇ ವಾರದಲ್ಲಿ ಗರ್ಭಪಾತವಾಗಿ ನಾಲ್ಕು ವಾರ ಕಳೆದಿದೆ. ರಕ್ತ ನಿಂತು ಹತ್ತು ದಿನವಾಗಿದ್ದರೂ ಕಿಟ್ಟಿನಲ್ಲಿ ಎರಡನೆಯ ಗೆರೆ ಮಸುಕಾಗಿ ಬರುತ್ತಿದೆ. ಬೇರೆ ಯಾವ ತೊಂದರೆಯೂ ಇಲ್ಲ. ತೋರಿಸಬೇಕೇ?
— ಓದುಗರೊಬ್ಬರು, ಅರಸೀಕೆರೆ

ಉತ್ತರ: ತೋರಿಸಬೇಕು, ಓಡಬೇಕಿಲ್ಲ, ಈ ವಾರದೊಳಗೆ ಹೋದರೆ ಸಾಕು. ಗರ್ಭದ ಹಾರ್ಮೋನು ರಕ್ತದಿಂದ ಕರಗಲು ಕೆಲವು ವಾರ ಹಿಡಿಯುತ್ತದೆ, ಆದರೆ ಮೂರು ವಾರ ಕಳೆದ ಮೇಲೂ ಗೆರೆ ಬಂದರೆ ಕಾರಣ ಹುಡುಕುವುದು ಕ್ರಮ. ಒಳಗೆ ಚೂರು ಉಳಿದಿರಬಹುದು. ಗರ್ಭಪಾತವಾದ ಎರಡು ವಾರಕ್ಕೇ ಅಂಡ ಬಿಡುಗಡೆಯಾಗುವುದುಂಟಾದ್ದರಿಂದ ಹೊಸ ಬಸಿರೂ ಆಗಿರಬಹುದು. ಅಪರೂಪಕ್ಕೆ, ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಗರ್ಭವಾಗಿದ್ದರೂ ಹೀಗಾಗುತ್ತದೆ. ಎರಡು ದಿನದ ಅಂತರದಲ್ಲಿ ಎರಡು ಬಾರಿ ರಕ್ತ ಕೊಟ್ಟು ಹಾರ್ಮೋನಿನ ಪ್ರಮಾಣ ನೋಡಿಸಿ, ಒಂದು ಸ್ಕ್ಯಾನಿಂಗ್ ಮಾಡಿಸಿದರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಹಳೆಯ ವರದಿಗಳನ್ನು ಜೊತೆಗೆ ಒಯ್ಯಿರಿ. ಆ ಪ್ರಮಾಣ ಇಳಿದು ಮುಗಿಯುವವರೆಗೆ ಮತ್ತೆ ಗರ್ಭ ನಿಲ್ಲದಂತೆ ನೋಡಿಕೊಳ್ಳಿ, ಏಕೆಂದರೆ ನಡುವೆ ಹೊಸದೊಂದು ನಿಂತರೆ ಯಾವ ಹಾರ್ಮೋನು ಯಾವುದರದು ಎಂದು ನಮಗೂ ಬಿಡಿಸಲಾಗುವುದಿಲ್ಲ.