ಪ್ರತಿಕ್ರಿಯೆ: ಮಲ್ಪೆಯ ತಾರಸಿಗೆ 1 ಕಿಲೋವ್ಯಾಟ್ ಗಾಳಿಯಂತ್ರ ಹಾಕಬಹುದೇ?

ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ದೊಡ್ಡ ಗಾಳಿಯಂತ್ರ ಓಡುತ್ತದೆ, ಕಡಲ ಪಕ್ಕದ ನಮ್ಮ ಮನೆಯಲ್ಲಿ ಚಿಕ್ಕದು ಯಾಕೆ ಓಡಬಾರದು ಎಂದು ಕೇಳಿದ್ದೀರಿ. ಓಡುತ್ತದೆ. ಹೇಳಿಕೊಳ್ಳುವಷ್ಟು ಕರೆಂಟ್ ಮಾತ್ರ ಸಿಗುವುದಿಲ್ಲ.

ಡಬ್ಬದ ಮೇಲೆ 1 ಕಿಲೋವ್ಯಾಟ್ ಅಂತ ಇರುತ್ತದಲ್ವಾ, ಅದು ಸಾಮಾನ್ಯವಾಗಿ ಸೆಕೆಂಡಿಗೆ 12 ಮೀಟರ್ ಗಾಳಿಗೆ ಹೇಳಿದ ಲೆಕ್ಕ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 2 ಮೀಟರ್ ಅಗಲದ ಚಕ್ರಕ್ಕೆ ಸೆಕೆಂಡಿಗೆ 4 ಮೀಟರ್ ಗಾಳಿ ಸಿಕ್ಕರೆ ಬರುವುದು ಹೆಚ್ಚುಕಡಿಮೆ 40 ವ್ಯಾಟ್. ದಿನವಿಡೀ ಹಾಗೇ ಬೀಸಿದರೂ ಒಂದು ಯೂನಿಟ್ ಆಸುಪಾಸು!

ದೊಡ್ಡದರ ಕಥೆಯೇ ಬೇರೆ. 120 ಮೀಟರ್ ಚಕ್ರ ಅಂದರೆ ಅಗಲ 60 ಪಟ್ಟು, ಗಾಳಿ ಹಿಡಿಯುವ ಜಾಗ 3600 ಪಟ್ಟು. ಜೊತೆಗೆ ನೂರು ಮೀಟರ್ ಎತ್ತರದಲ್ಲಿ ಗಾಳಿ ಜೋರು, ಅಡ್ಡಿಯೂ ಇಲ್ಲ.

ನಿಮ್ಮ ತಾರಸಿಗೆ ತೆಂಗಿನ ಮರಗಳೇ ಶತ್ರು. ಒಂದು ರಟ್ಟೆಯುದ್ದದ ರಿಬ್ಬನ್ ಕೋಲಿಗೆ ಕಟ್ಟಿ ನೋಡಿ. ಒಂದೇ ಕಡೆ ಹಾರದೆ ಸುಮ್ನೆ ಸುತ್ತಿ ಸುತ್ತಿ ಒದ್ದಾಡಿದರೆ ಅಲ್ಲಿ ಗಾಳಿ ಕಲಕಿದೆ ಎಂದರ್ಥ. ಸುತ್ತ 150 ಮೀಟರ್ ಒಳಗಿರುವ ಮರ, ಮನೆಗಳಿಗಿಂತ ಚಕ್ರ 9 ಮೀಟರ್ ಮೇಲಿರಬೇಕು ಎಂಬುದು ಹಳೆಯ ಲೆಕ್ಕಾಚಾರ. ಅಷ್ಟೆತ್ತರದ ಕಂಬಕ್ಕೇ ಯಂತ್ರಕ್ಕಿಂತ ಜಾಸ್ತಿ ಖರ್ಚು ಬಂದೀತು. ಉಪ್ಪುಗಾಳಿಗೆ ನಮ್ಮ ಗೇಟಿನ ಕೀಲೇ ಉಳಿಯಲಿಲ್ಲ, ಇನ್ನು ಬೇರಿಂಗ್?

ಅದೇ ದುಡ್ಡಿಗೆ ಸೋಲಾರ್ ಹಾಕಿಸಿ. 1 ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ, ಆಟಿ ತಿಂಗಳ ಆಸುಪಾಸಿನ ಮಳೆಗಾಲದಲ್ಲಿ ಮಾತ್ರ ಸೊರಗುತ್ತದೆ.