ಅಪ್ಪಗ ಟಿಪಿ53 ಮ್ಯುಟೇಶನ್ ಬಂದ್ರ ಮಗಳ ಮದುವಿ ಯಾಕ ನಿಲ್ಲಬೇಕು?

ಪ್ರಶ್ನೆ (ಗೋಕಾಕ): ಅಪ್ಪಾರಿಗೆ 66 ವರ್ಷ, ಸಿಎಲ್‌ಎಲ್ ಅನ್ನೂ ರಕ್ತದ ಕ್ಯಾನ್ಸರ್ ಆಗೈತಿ. ರಿಪೋರ್ಟಿನ್ಯಾಗ ಟಿಪಿ53 ಅನ್ನೂ ಜೀನಿನ್ಯಾಗ ಮ್ಯುಟೇಶನ್ (ಬದಲಾವಣಿ) ಅಂತ ಬರದಾರ. ಜೀನಿಂದು ಅಂದಮ್ಯಾಲೆ ಮಕ್ಕಳಿಗೂ ಬರೂದಲ್ರಿ? ತಂಗಿ ಮದುವಿ ಮಾತುಕತಿ ನಡದೈತಿ, ಬೀಗರಿಗೆ ಹೇಳಬೇಕೋ ಬ್ಯಾಡೋ?

ಉತ್ತರ: ಬೆಳಗಾವಿ ಓಪಿಡಿನ್ಯಾಗ ಇದನ್ನ ಕೇಳಿ ಕೇಳಿ ಸಾಕಾಗೈತಿ. ಮದುವಿ ಮಾಡ್ರಿ. ಈ ಮ್ಯುಟೇಶನ್ ನಿಮ್ಮ ಅಪ್ಪಾರು ಹುಟ್ಟುವಾಗ ತಂದದ್ದಲ್ಲ, ವಯಸ್ಸಾದಮ್ಯಾಲೆ ಅವರ ರೋಗದ ಬಿ-ಸೆಲ್ಲಿನ್ಯಾಗ (ಒಂದು ಥರದ ಬಿಳಿ ರಕ್ತಕಣ) ಅಷ್ಟ ಆಗಿದ್ದು. ಕೆಲವು ಮನಿತನದಾಗ ಸಿಎಲ್‌ಎಲ್ ಸ್ವಲ್ಪ ಜಾಸ್ತಿ ಕಾಣತೈತಿ ಖರೆ, ಅದಕ್ಕಂತ ಆರಾಮಿದ್ದ ಮಕ್ಕಳಿಗೆ ಟೆಸ್ಟ್ ಮಾಡಸೂದು ಬ್ಯಾಡ. ಮನ್ಯಾಗ ಸಣ್ಣ ವಯಸ್ಸಿಗೇ ಎಲುಬಿನ ಕ್ಯಾನ್ಸರ್, ಎದಿ ಕ್ಯಾನ್ಸರ್ ಆದವರಿದ್ರ, ಇಲ್ಲಾ ಮಗುವಿಗೆ ಲೋ ಹೈಪೋಡಿಪ್ಲಾಯ್ಡ್ (ಸೆಲ್ಲಿನ್ಯಾಗ ಕ್ರೋಮೊಸೋಮ್ ಭಾಳ ಕಡಿಮಿ ಇರೂ) ಎಎಲ್‌ಎಲ್ ಅನ್ನೂ ರಕ್ತದ ಕ್ಯಾನ್ಸರ್ ಬಂದಿದ್ರ ಮಾತು ಬ್ಯಾರೆ, ಆಗ ಲಿ-ಫ್ರಾಮೆನಿ, ಅಂದ್ರ ಹುಟ್ಟಿನಿಂದನ ಬಂದ ಟಿಪಿ53 ದೋಷ, ಐತೇನು ಅಂತ ಚರ್ಮದ ತುಣುಕು ತಗದು ನೋಡಬೇಕಾಗತೈತಿ, ಉಗುಳು ನಡಿಯಂಗಿಲ್ಲ, ಅದರಾಗೂ ರಕ್ತದ ಸೆಲ್ ಇರ್ತಾವ. ರಿಪೋರ್ಟಿನ್ಯಾಗ ವಿಎಎಫ್ (ಓದಿದ ಡಿಎನ್‌ಎದಾಗ ಮ್ಯುಟೇಶನ್ ಇದ್ದ ಪಾಲು) 48% ಅಂತ ನೋಡಿ, ಅರ್ಧ ಅಂದ್ರ ಹುಟ್ಟಿನಿಂದ ಅಂತ ಎಲ್ಲೋ ಓದಿ ಅಳ್ಕೋತ ಬರ್ತಾರ, ರಕ್ತದ ತುಂಬ ರೋಗದ ಸೆಲ್ಲೇ ಇದ್ದಾಗ ಅಷ್ಟು ಬಂದ ಬರತೈತಿ.

ನೀವು ಕೇಳಬೇಕಾಗಿದ್ದು ಔಷಧ ಯಾವುದು ಅಂತ. ಹಳೀ ಕೀಮೋ ಸೆಲ್ಲಿನ ಡಿಎನ್‌ಎ ಕೆಡಸತೈತಿ, ಕೆಟ್ಟ ಸೆಲ್ಲನ್ನ ಸಾಯಿಸೂ ಕೆಲಸ ಟಿಪಿ53 ಜೀನಿಂದ ಆಗೂ ಪಿ53 ಪ್ರೋಟೀನಿಂದು, ಅದ ಇಲ್ಲಂದ್ರ ರೋಗದ ಸೆಲ್ ಕೀಮೋಕ್ಕ ಜಗ್ಗಂಗಿಲ್ಲ, ವಾಂತಿ ಸುಸ್ತು ಮಾತ್ರ ಪೇಷಂಟಿಗೆ. ಅದಕ್ಕ ನಿಮ್ಮ ಅಪ್ಪಾರಿಗೆ ಎಫ್‌ಸಿಆರ್, ಬೆಂಡಾಮಸ್ಟಿನ್ ಅನ್ನೂ ಹಳೀ ಕೀಮೋ ಶುರು ಮಾಡ್ತೀವಿ ಅಂದ್ರ ಯಾಕ ಅಂತ ಬಾಯಿ ಬಿಟ್ಟು ಕೇಳ್ರಿ. ಇಬ್ರುಟಿನಿಬ್, ಅಕಾಲಾಬ್ರುಟಿನಿಬ್, ವೆನೆಟೊಕ್ಲಾಕ್ಸ್ ಅನ್ನೂ ಹೊಸ ಔಷಧ ಪಿ53 ಇಲ್ಲದನೂ ಕೆಲಸ ಮಾಡ್ತಾವ. ಇಬ್ರುಟಿನಿಬ್‌ಗೆ ಅಮೆರಿಕಾದಾಗ ಸಿಎಲ್‌ಎಲ್‌ಗೆ ಒಪ್ಪಿಗಿ ಸಿಕ್ಕಿದ್ದು 2014ರಾಗ, ಅದಕ್ಕೂ ಮೊದಲಿನ ಪೇಷಂಟ್‌ಗಳನ್ನ ನೋಡಿದವರಿಗೆ ಇದರ ಬೆಲಿ ಗೊತ್ತು. ಇನ್ನೊಂದು, ಫಿಶ್ ಅನ್ನೂ ಕ್ರೋಮೊಸೋಮ್ ಟೆಸ್ಟಿನ್ಯಾಗ 17ಪಿ (ಟಿಪಿ53 ಇರೂ ಕ್ರೋಮೊಸೋಮಿನ ಭಾಗ) ತುಂಡು ಹಾರಿದ್ದು ಮಾತ್ರ ಕಾಣತೈತಿ, ಸಣ್ಣ ಮ್ಯುಟೇಶನ್ ಕಾಣಂಗಿಲ್ಲ, ಜೀನಿನ ಅಕ್ಷರ ಓದೂ ಸೀಕ್ವೆನ್ಸಿಂಗೂ ಬೇಕು. ಎರಡೂ ಕೈಗೆ ಬರೂತನ ನಾ ಔಷಧ ಬರಿಯಂಗಿಲ್ಲ, ರೋಗ ಮತ್ತ ತಲಿ ಎತ್ತಿದ್ರ ಮತ್ತ ಮಾಡಸ್ತೀನಿ, ನಡುವ ಹೊಸ ಮ್ಯುಟೇಶನ್ ಬಂದಿರ್ತಾವ. ಹಂಗಂತ ಮ್ಯುಟೇಶನ್ ಐತಿ ಅಂತ ಇವತ್ತ ಔಷಧ ಬೇಕಂತಿಲ್ಲ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಛಲೋ ಇದ್ದು ಜ್ವರ, ತೂಕ ಇಳಿಯೂದು, ದೊಡ್ಡ ಗಡ್ಡಿ ಇಲ್ಲಂದ್ರ ನೋಡ್ಕೋತ ಇರೂದ.

ಪ್ರಶ್ನೆ (ಜಮಖಂಡಿ): ಎಎಂಎಲ್ ಅನ್ನೂ ಜೋರಿನ ರಕ್ತದ ಕ್ಯಾನ್ಸರ್‌ನ್ಯಾಗ ಇದ ಮ್ಯುಟೇಶನ್ ಬಂದ್ರ?

ಉತ್ತರ: ಅಲ್ಲಿ ಸುಳ್ಳು ಧೈರ್ಯ ಹೇಳಂಗಿಲ್ಲ, ಭಾಳ ಕಷ್ಟ, ವೆನೆಟೊಕ್ಲಾಕ್ಸ್ ಕೊಟ್ರೂ ಭಾಳ ದಿನ ತಡಿಯಂಗಿಲ್ಲ. ಪೇಷಂಟ್ ತಡಕೊಳ್ಳೂ ಹಂಗಿದ್ರ ಅಸ್ಥಿಮಜ್ಜೆ ಕಸಿಗೆ ಹೊಂದತಾರೇನು ಅಂತ ಅಣ್ಣತಮ್ಮಂದಿರ ಎಚ್‌ಎಲ್‌ಎ ಟೆಸ್ಟ್ ಮೊದಲ ವಾರದಾಗ ಮಾಡಸ್ರಿ.

ಪ್ರಶ್ನೆ (ಮುಧೋಳ): ಜೀನ್ ರಿಪೇರಿ ಮಾಡೂ ಪುಡಿ ಕೊಡ್ತಾರ, ತಗೋಬೇಕೇನ್ರಿ?

ಉತ್ತರ: ಯಾವ ಪುಡಿಗೂ ಆ ಕೆಲಸ ಬರಂಗಿಲ್ಲ, ರೊಕ್ಕ ತಗೊಂಡು ಮೋಸ ಮಾಡ್ತಾರ. ಅದರಾಗ ಸೀಸ, ಪಾದರಸ ಇದ್ದು ಕಿಡ್ನಿ ಕೆಟ್ರ ಆಮ್ಯಾಲೆ ವೆನೆಟೊಕ್ಲಾಕ್ಸ್ ಶುರು ಮಾಡಾಕ ನಮಗ ಅಂಜಿಕಿ ಆಗತೈತಿ.

ಪ್ರಶ್ನೆ (ತಿಕೋಟಾ): ವೆನೆಟೊಕ್ಲಾಕ್ಸ್ ನಡದಾಗ ನಮ್ಮ ತೋಟದ ದ್ರಾಕ್ಷಿ ತಿನ್ನಬಾರದೇನ್ರಿ?

ಉತ್ತರ: ತೊಳದು ತಿನ್ರಿ. ಬ್ಯಾಡ ಅಂದದ್ದು ಗ್ರೇಪ್‌ಫ್ರೂಟ್, ಅದು ಚಕ್ಕೋತದ ಬಳಗ. ಹುಳಕಡ್ಡಿ ಆಗೈತಿ ಅಂತ ಮೆಡಿಕಲ್ ಶಾಪ್‌ನ್ಯಾಗ ಇಟ್ರಾಕೊನಝೋಲ್ ಗುಳಿಗಿ ತಗೊಂಡು ನುಂಗೂದು ಅದಕ್ಕಿಂತ ಅಪಾಯ, ವೆನೆಟೊಕ್ಲಾಕ್ಸ್ ಮಟ್ಟ ರಕ್ತದಾಗ ಒಮ್ಮೆಲೆ ಏರತೈತಿ, ನಮ್ಮನ್ನ ಕೇಳದ ತಗೋಬ್ಯಾಡ್ರಿ.